ಟೊಲೆಡೊ ಊರನ್ನು ಗೈಡ್ ಜೊತೆ ನೋಡುವುದು ಹೇಗೆ? ಒಂದು ರಾತ್ರಿ ಉಳಿಯುವವರಿಗೆ ಹಂತ ಹಂತವಾಗಿ

ಸ್ಪೇನಿಗೆ ಹೋಗುವ ನಮ್ಮವರು ಹೆಚ್ಚಾಗಿ ಬಾರ್ಸಿಲೋನಾ, ಮ್ಯಾಡ್ರಿಡ್ ನೋಡುತ್ತಾರೆ. ಮಧ್ಯೆ ಅರ್ಧ ದಿನ ಬಿಡುವು ಸಿಕ್ಕರೆ ಟೊಲೆಡೊಗೆ ಹೋಗಿ ಬರುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಮ್ಯಾಡ್ರಿಡ್‌ನಿಂದ ಬಸ್ಸು, ಕೊಡೆ ಎತ್ತಿ ಹಿಡಿದು ಮುಂದೆ ಓಡುವ ಗೈಡು, ಎಲ್ಲಾ ಸೇರಿ ನಾಲ್ಕು ಗಂಟೆ. ಅದರಲ್ಲಿ ಮುಕ್ಕಾಲು ಗಂಟೆ ಕತ್ತಿ ಮಾರುವ ಅಂಗಡಿಯಲ್ಲೇ ಕಳೆಯಿತು. ಮನೆಗೆ ಬಂದ ಮೇಲೆ ತಂಗಿ "ಏನೇನು ನೋಡಿದೆ ಅಕ್ಕಾ?" ಅಂತ ಕೇಳಿದಳು. ದೊಡ್ಡ ಚರ್ಚು, ಕಲ್ಲಿನ ಬೀದಿ ಅನ್ನುವುದು ಬಿಟ್ಟು ನನಗೆ ಬೇರೆ ಏನೂ ಹೇಳಲು ಬರಲಿಲ್ಲ. ತುಂಬಾ ಬೇಜಾರಾಯಿತು.

ಎರಡನೇ ಸಲ ಅಮ್ಮನನ್ನು ಕರೆದುಕೊಂಡು ಹೋದೆ. ಎರಡು ದಿನ, ಒಂದು ರಾತ್ರಿ. ಗೈಡನ್ನು ನಾವೇ ಹುಡುಕಿಕೊಂಡೆವು. ಊರು ಬೇರೆಯೇ ಆಗಿ ಕಂಡಿತು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಟೊಲೆಡೊದಲ್ಲಿ ಒಂದೊಂದು ಕಟ್ಟಡಕ್ಕೂ ಎರಡು ಮೂರು ಬದುಕು. ಮಸೀದಿ ಚರ್ಚ್ ಆಗಿದೆ. ಯಹೂದಿಗಳ ಸಿನಗಾಗ್, ಅಂದರೆ ಅವರ ಪ್ರಾರ್ಥನೆಯ ಮಂದಿರ, ಚರ್ಚ್ ಆಗಿ, ಆಮೇಲೆ ಮ್ಯೂಸಿಯಮ್ ಆಗಿದೆ. ಮಸೀದಿಯ ಕಂಬ ಅದಕ್ಕೂ ಹಿಂದಿನ ಕಟ್ಟಡದ್ದು. ಯಾವುದು ಯಾರದು ಅಂತ ಬೆರಳು ಮಾಡಿ ತೋರಿಸುವವರು ಪಕ್ಕದಲ್ಲಿ ಇಲ್ಲದಿದ್ದರೆ ನಮಗೆ ಕಾಣುವುದು ಬರೀ ಕಲ್ಲು, ಇಟ್ಟಿಗೆ. ಹಾಗಂತ ಪೂರ್ತಿ ಗೈಡ್ ಹಿಂದೆಯೇ ಸುತ್ತಿದರೂ ಊರು ಕೈಗೆ ಸಿಗುವುದಿಲ್ಲ. ಮೂರು ಗಂಟೆ ಗೈಡ್ ಜೊತೆ, ಉಳಿದದ್ದು ನಿಮ್ಮ ಪಾಡಿಗೆ ನೀವು. ನನ್ನ ಅನುಭವದಲ್ಲಿ ಇದೇ ಸರಿಯಾದ ಲೆಕ್ಕ.

ಹೊರಡುವ ಮೊದಲು ಇಷ್ಟು ತಿಳಿದಿರಲಿ

ಮ್ಯಾಡ್ರಿಡ್‌ನಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್. ಗ್ರಾನೈಟ್ ಗುಡ್ಡದ ಮೇಲೆ ಊರು, ಮೂರು ಕಡೆ ತಾಹೊ ನದಿ. ರೋಮನ್ನರು ಇದ್ದರು, ಆಮೇಲೆ ವಿಸಿಗೋಥರು ಅನ್ನುವ ಜರ್ಮನ್ ಮೂಲದ ಜನ ಇದನ್ನೇ ರಾಜಧಾನಿ ಮಾಡಿಕೊಂಡರು. 8ನೇ ಶತಮಾನದ ಶುರುವಿನಲ್ಲಿ ಮುಸ್ಲಿಮರ ಕೈಗೆ ಬಂತು. 1085ರಲ್ಲಿ ಆರನೇ ಅಲ್ಫೊನ್ಸೊ ಅನ್ನುವ ಕ್ರೈಸ್ತ ರಾಜ ಗೆದ್ದುಕೊಂಡ. ಯಹೂದಿಗಳು ಈ ಎಲ್ಲರ ಕಾಲದಲ್ಲೂ ಇದ್ದರು, 1492ರಲ್ಲಿ ದೇಶದಿಂದಲೇ ಹೊರಗೆ ಹಾಕುವ ತನಕ. 1561ರಲ್ಲಿ ಎರಡನೇ ಫಿಲಿಪ್ ಆಸ್ಥಾನವನ್ನು ಮ್ಯಾಡ್ರಿಡ್‌ಗೆ ಎತ್ತಿಕೊಂಡು ಹೋದ. ಟೊಲೆಡೊ ಬೆಳೆಯುವುದು ನಿಂತಿತು. ಹಳೆಯದನ್ನು ಒಡೆದು ಹೊಸದು ಕಟ್ಟುವ ಅವಸರ ಇಲ್ಲಿ ಯಾರಿಗೂ ಬರಲಿಲ್ಲ, ಹಾಗಾಗಿ ನಮಗೆ ಇಷ್ಟು ಉಳಿದಿದೆ. 1986ರಿಂದ ಇದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ದಿನ ಗೊತ್ತು ಮಾಡಿಕೊಳ್ಳುವುದು

ಜುಲೈ, ಆಗಸ್ಟ್ ಬೇಡ. ರಾಯಚೂರಿನ ಬಿಸಿಲು ಕಂಡವರಿಗೂ ಅಲ್ಲಿನ ಮಧ್ಯಾಹ್ನ ಕಷ್ಟವೇ, ಯಾಕೆಂದರೆ ಕಲ್ಲು ಹಾಸಿದ ಏರು ಬೀದಿಯಲ್ಲಿ ನಡೆಯಬೇಕು. ಏಪ್ರಿಲ್, ಮೇ, ಇಲ್ಲವೇ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ಚಳಿಗಾಲದಲ್ಲಿ ಜನ ಕಡಿಮೆ, ಆದರೆ ಗಾಳಿ ಕೊರೆಯುತ್ತದೆ.

ವಾರದ ಲೆಕ್ಕವನ್ನೂ ನೋಡಿಕೊಳ್ಳಿ, ತುಂಬಾ ಜನ ಇಲ್ಲೇ ಎಡವುತ್ತಾರೆ. ಸೋಮವಾರ ಸರ್ಕಾರಿ ಮ್ಯೂಸಿಯಮ್‌ಗಳಿಗೆ ರಜ. ಎಲ್ ತ್ರಾನ್ಸಿತೊ ಸಿನಗಾಗ್ ಮತ್ತು ಈ ಊರಿನಲ್ಲಿದ್ದ ಹೆಸರಾಂತ ಚಿತ್ರಕಾರ ಎಲ್ ಗ್ರೆಕೊನ ಮ್ಯೂಸಿಯಮ್ ಎರಡೂ ಆ ಲೆಕ್ಕಕ್ಕೆ ಸೇರುತ್ತವೆ. ಭಾನುವಾರ ಬೆಳಗ್ಗೆ ಕೆಥೆಡ್ರಲ್ ಪೂಜೆಗೆ ಮಾತ್ರ, ಪ್ರವಾಸಿಗರನ್ನು ಮಧ್ಯಾಹ್ನದ ಮೇಲೆ ಬಿಡುತ್ತಾರೆ. ಶನಿವಾರ ಊರು ತುಂಬಿ ತುಳುಕುತ್ತದೆ. ಹಾಗಾಗಿ ಮಂಗಳವಾರದಿಂದ ಗುರುವಾರದೊಳಗೆ ಎರಡು ದಿನ ಹಿಡಿಯಿರಿ.

ಒಂದು ದಿನಕ್ಕೆ ಮಾತ್ರ ಈ ಲೆಕ್ಕ ಮುರಿಯಬಹುದು, ಅದು ಕಾರ್ಪಸ್ ಕ್ರಿಸ್ತಿ ಅನ್ನುವ ಕ್ರೈಸ್ತರ ಹಬ್ಬ. ಮೇ ಕೊನೆಗೋ ಜೂನ್‌ಗೋ ಒಂದು ಗುರುವಾರ ಬರುತ್ತದೆ. ಬೀದಿಯ ಮೇಲೆಲ್ಲಾ ಬಟ್ಟೆಯ ಚಪ್ಪರ ಎಳೆದು, ನೆಲಕ್ಕೆ ಘಮಘಮಿಸುವ ಕಾಡುಸೊಪ್ಪು ಹರಡುತ್ತಾರೆ. ಅದರ ಮೇಲೆ ಮೆರವಣಿಗೆ. ತೇರು ಕಂಡು ಬೆಳೆದವರಿಗೆ ಇದರ ಸಡಗರ ಏನು ಅಂತ ಹೇಳಿಕೊಡಬೇಕಾಗಿಲ್ಲ. ಆದರೆ ರೂಮು ತಿಂಗಳುಗಳ ಮೊದಲೇ ಕಾದಿರಿಸಬೇಕು.

ಹೋಗುವ ದಾರಿ

ಮ್ಯಾಡ್ರಿಡ್‌ನ ಅತೋಚಾ ನಿಲ್ದಾಣದಿಂದ ವೇಗದ ರೈಲಿದೆ. ಅರ್ಧ ಗಂಟೆ ಚಿಲ್ಲರೆ. ಟಿಕೆಟ್ ಮೊದಲೇ ತೆಗೆದುಕೊಳ್ಳಿ, ವಾರದ ಕೊನೆಯಲ್ಲಿ ಸೀಟು ಸಿಗುವುದಿಲ್ಲ. ಹತ್ತುವ ಮುಂಚೆ ಬ್ಯಾಗನ್ನು ಯಂತ್ರದಲ್ಲಿ ತಪಾಸಣೆ ಮಾಡುತ್ತಾರೆ, ಅರ್ಧ ಗಂಟೆ ಮುಂಚಿತವಾಗಿ ಅಲ್ಲಿರಿ. ಪಾಸ್‌ಪೋರ್ಟ್ ಜೊತೆಗಿರಲಿ. ಪ್ಲಾಸಾ ಎಲಿಪ್ತಿಕಾದಿಂದ ಬಸ್ಸೂ ಇದೆ. ದುಡ್ಡು ಕಡಿಮೆ, ಸಮಯ ಒಂದರಿಂದ ಒಂದೂವರೆ ಗಂಟೆ.

ರೈಲಿನಲ್ಲಿ ಹೋದರೆ ಇಳಿದ ಕೂಡಲೇ ಹೊರಗೆ ಓಡಬೇಡಿ. ಟೊಲೆಡೊದ ನಿಲ್ದಾಣವೇ ನೋಡುವಂಥದ್ದು. 20ನೇ ಶತಮಾನದ ಶುರುವಿನಲ್ಲಿ ಕಟ್ಟಿದ್ದು, ಆದರೆ ಹಳೆಯ ಮುದೇಹಾರ್ ಶೈಲಿಯಲ್ಲಿ. ಮುದೇಹಾರ್ ಅಂದರೆ ಕ್ರೈಸ್ತ ರಾಜರ ಕೆಳಗೆ ಉಳಿದ ಮುಸ್ಲಿಮರು. ಅವರ ಇಟ್ಟಿಗೆ ಕೆಲಸ, ಮರದ ಸೂರು, ಗಾರೆ ಕೆತ್ತನೆಗೆ ಅದೇ ಹೆಸರು ನಿಂತಿದೆ. ಈ ಒಂದು ಪದ ನೆನಪಿಟ್ಟುಕೊಳ್ಳಿ, ಎರಡು ದಿನದಲ್ಲಿ ಐವತ್ತು ಸಲ ಕೇಳುತ್ತೀರಿ.

ನಿಲ್ದಾಣ ಇರುವುದು ನದಿಯ ಈಚೆ. ಊರು ಆಚೆ, ಗುಡ್ಡದ ಮೇಲೆ. ಮಂಡಿ ಗಟ್ಟಿ ಇದ್ದವರು ಅಲ್ಕಾಂತರಾ ಸೇತುವೆ ದಾಟಿ ನಡೆದು ಹೋಗಬಹುದು, ಅರ್ಧ ಗಂಟೆ ಇಟ್ಟುಕೊಳ್ಳಿ. ಸೇತುವೆಯ ಬುಡ ರೋಮನ್ನರ ಕಾಲದ್ದು. ಅಮ್ಮನಿಗೆ ಮಂಡಿನೋವು, ನಾವು ಸಿಟಿ ಬಸ್ ಹತ್ತಿ ಸೊಕೊದೊವೇರ್ ಚೌಕದಲ್ಲಿ ಇಳಿದೆವು. ಇನ್ನೊಂದು ಉಪಾಯವೂ ಇದೆ. ಬಿಸಾಗ್ರಾ ಅನ್ನುವ ಹಳೆಯ ಊರಬಾಗಿಲಿನ ಹತ್ತಿರ ಗುಡ್ಡದ ಹೊಟ್ಟೆಯೊಳಗೆ ಎಸ್ಕಲೇಟರ್ ಹಾಕಿದ್ದಾರೆ. ಕೆಳಗೆ ನಿಂತು ಮೇಲೆ ಬಂದು ಇಳಿಯಬಹುದು. ವಯಸ್ಸಾದವರು ಜೊತೆಗಿದ್ದರೆ ಇದು ದೊಡ್ಡ ಉಪಕಾರ.

ಗೈಡ್ ಆರಿಸುವುದು

ಇಲ್ಲಿ ಸ್ವಲ್ಪ ನಿಧಾನ ಮಾಡಿ, ಇಡೀ ಪ್ರವಾಸ ಇದರ ಮೇಲೇ ನಿಂತಿದೆ.

ಅಲ್ಲಿ ನಾಲ್ಕು ಥರದ ಗೈಡ್ ಸುತ್ತಾಟ ಸಿಗುತ್ತದೆ. ಮೊದಲನೆಯದು "ಫ್ರೀ ಟೂರ್". ಹೆಸರಿಗೆ ಪುಕ್ಕಟೆ, ಆದರೆ ಕೊನೆಗೆ ಕೈತುಂಬ ಇನಾಮು ಕೊಡುವುದು ಪದ್ಧತಿ. ಗೈಡಿನ ಸಂಪಾದನೆ ಅದೇ. ಇದರಲ್ಲಿ ಯಾವ ಕಟ್ಟಡದ ಒಳಗೂ ಕರೆದುಕೊಂಡು ಹೋಗುವುದಿಲ್ಲ, ಹೊರಗೇ ನಿಂತು ಕತೆ ಹೇಳುತ್ತಾರೆ. ಊರಿನ ದಿಕ್ಕು ಗೊತ್ತಾಗಲು ಸಾಕು. ಎರಡನೆಯದು ಟಿಕೆಟ್ ಕೊಟ್ಟು ಗುಂಪಿನಲ್ಲಿ ಹೋಗುವುದು, ಇದರಲ್ಲಿ ಕೆಥೆಡ್ರಲ್ಲೋ ಸಿನಗಾಗೋ ಸೇರಿರುತ್ತದೆ. ಮೂರನೆಯದು ನಿಮ್ಮ ಮನೆಯವರಿಗೆ ಮಾತ್ರ ಅಂತ ಒಬ್ಬ ಅಧಿಕೃತ ಗೈಡನ್ನು ಗೊತ್ತು ಮಾಡಿಕೊಳ್ಳುವುದು. ದುಡ್ಡು ತಲೆಗೆ ಇಷ್ಟು ಅಂತ ಅಲ್ಲ, ಗುಂಪಿಗೆ ಇಷ್ಟು. ನಾಲ್ಕೈದು ಜನ ಇದ್ದರೆ ಹಂಚಿಕೊಂಡಾಗ ಅಷ್ಟೇನೂ ಜಾಸ್ತಿ ಆಗುವುದಿಲ್ಲ. ನಾಲ್ಕನೆಯದು ರಾತ್ರಿ ಸುತ್ತಾಟ, ಅದರ ವಿಷಯ ಮುಂದೆ ಹೇಳುತ್ತೇನೆ.

ಬುಕ್ ಮಾಡುವ ಮೊದಲು ಇಷ್ಟು ಕೇಳಿ. ಪೂರ್ತಿ ಇಂಗ್ಲಿಷ್‌ನಲ್ಲೇ ಹೇಳುತ್ತೀರಾ? ಒಂದೇ ಗುಂಪಿಗೆ ಮೊದಲು ಸ್ಪ್ಯಾನಿಷ್, ಆಮೇಲೆ ಇಂಗ್ಲಿಷ್ ಅಂತ ಎರಡು ಸಲ ಹೇಳುವವರಿದ್ದಾರೆ, ಅಲ್ಲಿಗೆ ನಿಮ್ಮ ಸಮಯ ಅರ್ಧ ಹೋಯಿತು. ಯಾವ ಕಟ್ಟಡದ ಒಳಗೆ ಹೋಗುತ್ತೇವೆ, ಹೊರಗಿನಿಂದ ಯಾವುದು? ಪ್ರವೇಶದ ಟಿಕೆಟ್ ದುಡ್ಡು ಸೇರಿದೆಯಾ? ಗುಂಪಿನಲ್ಲಿ ಎಷ್ಟು ಜನ? ಎಲ್ಲಿ ಮುಗಿಯುತ್ತದೆ? ಮಧ್ಯೆ ಅಂಗಡಿಗೆ ಕರೆದುಕೊಂಡು ಹೋಗುತ್ತೀರಾ? ಈ ಕೊನೆಯದನ್ನು ಕೇಳಲು ಸಂಕೋಚ ಬೇಡ, ನಾನು ಕೇಳದೆ ಮುಕ್ಕಾಲು ಗಂಟೆ ಕಳೆದುಕೊಂಡವಳು.

ಅಧಿಕೃತ ಗೈಡ್‌ಗಳಿಗೆ ಪರವಾನಗಿ ಇರುತ್ತದೆ, ಬಿಲ್ಲೆ ಹಾಕಿಕೊಂಡಿರುತ್ತಾರೆ. "ಗಿಯಾ ಒಫಿಸಿಯಾಲ್" ಅಂತ ಕೇಳಿದರೆ ತೋರಿಸುತ್ತಾರೆ. ನಾವು ಇಬ್ಬರೇ ಇದ್ದೆವು, ಆದರೂ ಮೂರು ಗಂಟೆಗೆ ಒಬ್ಬರನ್ನು ಗೊತ್ತು ಮಾಡಿಕೊಂಡೆವು. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ನಾನು ಕನ್ನಡದಲ್ಲಿ ಹೇಳುವ ತನಕ ಆ ಹೆಂಗಸು ಸುಮ್ನೆ ನಿಂತು ಕಾಯುತ್ತಿದ್ದರು. ದೊಡ್ಡ ಗುಂಪಿನಲ್ಲಿ ಅದು ಆಗದ ಮಾತು.

ಇನ್ನೊಂದು ವಿಷಯ. ಊರಿನ ಪರಂಪರೆಯ ಕೆಲಸ ನೋಡಿಕೊಳ್ಳುವ ಕನ್ಸೋರ್ಸಿಯೊ ಅನ್ನುವ ಸಂಸ್ಥೆ ತಾನು ದುರಸ್ತಿ ಮಾಡಿದ ನೆಲಮಾಳಿಗೆ, ರೋಮನ್ ಸ್ನಾನಗೃಹ ಇಂಥವನ್ನು ಗೈಡ್ ಜೊತೆ ತೋರಿಸುತ್ತದೆ. ಅವರ ಕಚೇರಿಯಲ್ಲಿ ಹೆಸರು ಬರೆಸಬೇಕು. ವಿವರಣೆ ಹೆಚ್ಚಾಗಿ ಸ್ಪ್ಯಾನಿಷ್‌ನಲ್ಲಿ, ಆದರೂ ಈ ಊರಿನ ಕೆಳಗೆ ಇನ್ನೊಂದು ಊರಿದೆ ಅನ್ನುವುದು ಕಣ್ಣಿಗೇ ತಿಳಿಯುತ್ತದೆ.

ಟಿಕೆಟ್

ಸೊಕೊದೊವೇರ್‌ಗೆ ಬಂದ ಮೇಲೆ "ಪುಲ್ಸೇರಾ ತುರಿಸ್ತಿಕಾ" ತೆಗೆದುಕೊಳ್ಳಿ. ಕೈಗೆ ಕಟ್ಟುವ ಪಟ್ಟಿ ಇದು, ಏಳು ಕಡೆ ಬಿಡುತ್ತಾರೆ. ಸಾಂತೊ ತೊಮೆ ಚರ್ಚು, ಸಾಂತಾ ಮರಿಯಾ ಲಾ ಬ್ಲಾಂಕಾ ಅನ್ನುವ ಹಳೆಯ ಸಿನಗಾಗ್, ಕ್ರಿಸ್ತೊ ದೆ ಲಾ ಲೂಸ್ ಅನ್ನುವ ಹಳೆಯ ಮಸೀದಿ, ಸಾನ್ ಹುವಾನ್ ದೆ ಲೋಸ್ ರೇಯೆಸ್ ಮಠ ನಾಲ್ಕೂ ಇದರಲ್ಲೇ ಬರುತ್ತವೆ. ಜೆಸೂಟರ ಚರ್ಚು, ಸಾಲ್ವಾದೋರ್ ಚರ್ಚು, ದೊನ್ಸೆಯಾಸ್ ನೋಬ್ಲೆಸ್ ಅನ್ನುವ ಹಳೆಯ ಹೆಣ್ಣುಮಕ್ಕಳ ವಿದ್ಯಾಲಯ ಉಳಿದ ಮೂರು. ಕೆಥೆಡ್ರಲ್‌ಗೂ ತ್ರಾನ್ಸಿತೊಗೂ ಬೇರೆ ಟಿಕೆಟ್. ತ್ರಾನ್ಸಿತೊ ಶನಿವಾರ ಮಧ್ಯಾಹ್ನದ ಮೇಲೆ, ಭಾನುವಾರ ಬೆಳಗ್ಗೆ ಪುಕ್ಕಟೆ. ಪಟ್ಟಿಯನ್ನು ಕಿತ್ತರೆ ಮತ್ತೆ ಬಿಡುವುದಿಲ್ಲ, ಸ್ನಾನಕ್ಕೆ ಹೋಗುವಾಗಲೂ ತೆಗೆಯಬೇಡಿ.

ಮೊದಲ ದಿನ, ಗೈಡ್ ಜೊತೆ

ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುವ ದಾರಿ ಕೇಳಿ. ಉತ್ತರದ ಕಡೆ ಕ್ರಿಸ್ತೊ ದೆ ಲಾ ಲೂಸ್‌ನಿಂದ ಶುರು ಮಾಡಿ, ಸೊಕೊದೊವೇರ್, ಕೆಥೆಡ್ರಲ್, ಆಮೇಲೆ ಪಶ್ಚಿಮಕ್ಕೆ ಇಳಿಯುತ್ತಾ ಸಾಂತೊ ತೊಮೆ, ಯಹೂದಿ ಕೇರಿ. ಮೂರು ಗಂಟೆಯಲ್ಲಿ ಎಲ್ಲದರ ಒಳಗೂ ಹೋಗಲು ಆಗುವುದಿಲ್ಲ. ಮಸೀದಿ, ಕೆಥೆಡ್ರಲ್, ಒಂದು ಸಿನಗಾಗ್ ಇಷ್ಟನ್ನು ಒಳಗಿನಿಂದ ತೋರಿಸಿ ಅಂತ ಹೇಳಿ. ಉಳಿದದ್ದು ಮರುದಿನ ನೀವೇ ನೋಡಬಹುದು.

ಕ್ರಿಸ್ತೊ ದೆ ಲಾ ಲೂಸ್ ತುಂಬಾ ಚಿಕ್ಕದು. ನಮ್ಮೂರ ಸಣ್ಣ ಗುಡಿಯಷ್ಟು, ಒಂದೊಂದು ಕಡೆ ಎಂಟು ಮೀಟರ್. ಹೊರಗೋಡೆಯಲ್ಲಿ ಇಟ್ಟಿಗೆಯನ್ನೇ ಜೋಡಿಸಿ ಅರಬ್ಬಿ ಅಕ್ಷರ ಮಾಡಿದ್ದಾರೆ. ಅಹಮದ್ ಇಬ್ನ್ ಹದೀದಿ ಅನ್ನುವವನು ಸ್ವಂತ ದುಡ್ಡಿನಲ್ಲಿ ಇದನ್ನು ಕಟ್ಟಿಸಿದ ಅಂತ ಅದರಲ್ಲಿದೆ. ಕಟ್ಟಿದ ಮೂಸಾ ಇಬ್ನ್ ಅಲಿಯ ಹೆಸರೂ ಇದೆ, ಕಾಲವೂ ಇದೆ. ನಮ್ಮ ಲೆಕ್ಕಕ್ಕೆ 999ನೇ ಇಸವಿ. "ಶಾಸನ ಇದ್ದ ಹಾಗೆ ಅಲ್ವಾ, ಯಾರು ಕೊಟ್ಟರು ಯಾರು ಕಟ್ಟಿದರು ಎಲ್ಲಾ ಬರೆದಿದ್ದಾರೆ" ಅಂದರು ಅಮ್ಮ. ನನಗೂ ಹಾಗೇ ಅನಿಸಿತ್ತು. ಒಳಗೆ ನಾಲ್ಕು ಕಂಬ, ಅವುಗಳ ತಲೆಕಲ್ಲು ಇನ್ನೂ ಹಳೆಯದು, ವಿಸಿಗೋಥರ ಕಟ್ಟಡದಿಂದ ತಂದು ಕೂರಿಸಿದ್ದು. ಕಂಬದ ನಡುವೆ ಒಂಬತ್ತು ಅಂಕಣ. ಗೈಡು ನಮ್ಮನ್ನು ನಡುವೆ ನಿಲ್ಲಿಸಿ ತಲೆ ಎತ್ತಿ ಅಂದರು. ಒಂಬತ್ತು ಸಣ್ಣ ಗುಮ್ಮಟ, ಪಟ್ಟಿಗಳು ಒಂದರೊಳಗೊಂದು ಹೆಣೆದುಕೊಂಡಿವೆ, ಒಂದರ ಹೆಣಿಗೆ ಇನ್ನೊಂದಕ್ಕಿಲ್ಲ. ಅಮ್ಮ ಬೆರಳು ಮಡಚುತ್ತಾ ಎಣಿಸಿದರು. ಎರಡನೇ ಸಲವೂ ಎಣಿಸಿದರು. ಚುಕ್ಕಿ ಇಟ್ಟು ಎಳೆ ರಂಗೋಲಿ ಹಾಕುವ ಕೈ ಅವರದು, ಅಲ್ಲಿಂದ ಹೊರಡಿಸಲು ನನಗೆ ಸಾಕಾಯಿತು.

ಅಲ್ಲೇ ಪೂರ್ವದ ಕಡೆ ಕ್ರೈಸ್ತರು 12ನೇ ಶತಮಾನದಲ್ಲಿ ಸೇರಿಸಿದ ಭಾಗ ಇದೆ. ಅದೂ ಇಟ್ಟಿಗೆಯದೇ, ಅದೇ ಕುಶಲತೆ. ಧರ್ಮ ಬದಲಾಯಿತು, ಗಾರೆ ಕೆಲಸದವರು ಬದಲಾಗಲಿಲ್ಲ.

ಕೆಥೆಡ್ರಲ್‌ಗೆ ಒಂದೂವರೆ ಗಂಟೆ ಇಡಿ. 1226ರಲ್ಲಿ ಶುರುವಾಗಿ 1493ರ ತನಕ ಕಟ್ಟಿದ್ದು. ಇದಿರುವ ಜಾಗದಲ್ಲಿ ಮೊದಲು ಊರಿನ ದೊಡ್ಡ ಮಸೀದಿ ಇತ್ತು. ಒಳಗೆ ಎಷ್ಟು ಚಿನ್ನ, ಎಷ್ಟು ಕೆತ್ತನೆ ಅಂದರೆ ಗೈಡ್ ಇಲ್ಲದೆ ಹೋದರೆ ಹತ್ತು ನಿಮಿಷದಲ್ಲಿ ಕಣ್ಣು ಸೋಲುತ್ತದೆ. ನಾಲ್ಕು ಜಾಗವನ್ನು ಮಾತ್ರ ನಿಂತು ನೋಡಿ.

ಮುಖ್ಯ ಪೀಠದ ಅಂಗಳದಲ್ಲಿ ಒಂದು ಕಂಬದ ಮೇಲೆ ಮುಸ್ಲಿಂ ಪಂಡಿತನೊಬ್ಬನ ಮೂರ್ತಿ ಇದೆ. ಹೆಸರು ಅಬು ವಾಲಿದ್. ಊರು ಗೆದ್ದ ಅಲ್ಫೊನ್ಸೊ ಮಸೀದಿಯನ್ನು ಮುಟ್ಟುವುದಿಲ್ಲ ಅಂತ ಮಾತು ಕೊಟ್ಟಿದ್ದನಂತೆ. ಅವನು ಊರಿನಲ್ಲಿ ಇಲ್ಲದಾಗ ರಾಣಿಯೂ ಬಿಷಪ್ಪನೂ ಸೇರಿ ಅದನ್ನು ಕಿತ್ತುಕೊಂಡರಂತೆ. ರಾಜ ಸಿಟ್ಟಿನಿಂದ ವಾಪಸ್ ಬಂದಾಗ, ಇವರಿಗೆ ಶಿಕ್ಷೆ ಕೊಟ್ಟರೆ ನಾಳೆ ನಮ್ಮ ಜನಕ್ಕೇ ಕಷ್ಟ ಅಂತ ಈ ಪಂಡಿತನೇ ಹೋಗಿ ಕ್ಷಮಿಸಲು ಕೇಳಿಕೊಂಡನಂತೆ. ಅದು ಅಲ್ಲಿನವರು ಹೇಳಿಕೊಂಡು ಬಂದ ಕತೆ. ಮೂರ್ತಿಯಂತೂ ನಿಜವಾಗಿ ಅಲ್ಲೇ ಇದೆ, ಸ್ಪೇನಿನ ಕ್ರೈಸ್ತರಿಗೆ ಅತಿ ದೊಡ್ಡದಾದ ಪೀಠದ ಪಕ್ಕದಲ್ಲಿ. ಗೈಡಿಗೆ ನೆನಪಿಸದಿದ್ದರೆ ಕೆಲವರು ತೋರಿಸದೇ ಮುಂದೆ ಹೋಗುತ್ತಾರೆ, ನೀವೇ ಕೇಳಿ.

ಎರಡನೆಯದು ಹಾಡುವವರ ಆಸನಗಳು. ಕೆಳಗಿನ ಸಾಲಿನ ಮರದ ಬೆನ್ನುಗಳಲ್ಲಿ ಗ್ರನಾಡಾ ಯುದ್ಧದ, ಅಂದರೆ ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯವನ್ನು ಕ್ರೈಸ್ತರು ಗೆದ್ದ ಯುದ್ಧದ, 54 ಚಿತ್ರ ಕೆತ್ತಿದ್ದಾರೆ. ರೊದ್ರಿಗೊ ಅಲೆಮಾನ್ ಅನ್ನುವವನ ಕೆಲಸ. ಅವನು ಕೆತ್ತುತ್ತಿರುವಾಗ ಯುದ್ಧ ಇನ್ನೂ ನಡೆಯುತ್ತಲೇ ಇತ್ತು. ಒಂದೊಂದು ಕೋಟೆ, ಒಂದೊಂದು ಏಣಿ, ಬಾಗಿಲು ತೆರೆದು ಬೀಗದಕೈ ಒಪ್ಪಿಸುವ ಜನ, ಎಲ್ಲಾ ಇದೆ. ಮೂರನೆಯದು ಪೀಠದ ಹಿಂದಿನ "ತ್ರಾನ್ಸ್‌ಪರೆಂತೆ". ಆ ಮೂಲೆಗೆ ಬೆಳಕು ಬೀಳುತ್ತಿರಲಿಲ್ಲ ಅಂತ ನಾರ್ಸಿಸೊ ತೊಮೆ ಅನ್ನುವ ಕಲಾವಿದ ಚಾವಣಿಯನ್ನೇ ಕೊರೆದು, 1732ರಲ್ಲಿ ಕೆಲಸ ಮುಗಿಸಿದ. ಬಿಸಿಲಿರುವ ಹೊತ್ತಿಗೆ ಹೋದರೆ ಆ ತೂತಿನಿಂದ ಬೆಳಕು ಅಮೃತಶಿಲೆಯ ದೇವದೂತರ ಮೇಲೆ ಸುರಿಯುತ್ತದೆ. ನಾಲ್ಕನೆಯದು ಪಾದ್ರಿಗಳು ಪೂಜೆಗೆ ಸಿದ್ಧವಾಗುವ ಸಾಕ್ರಿಸ್ತಿಯಾ ಕೋಣೆ, ಅಲ್ಲಿ ಎಲ್ ಗ್ರೆಕೊ ಬರೆದ ಕೆಂಪು ನಿಲುವಂಗಿಯ ಕ್ರಿಸ್ತ.

ಹೊರಗೆ ಬರುವಾಗ ಚಾವಣಿಯಿಂದ ನೇತಾಡುವ ಕೆಂಪು ಟೋಪಿಗಳನ್ನು ನೋಡಿ. ಅದರ ಕೆಳಗೆ ಸಮಾಧಿ ಆಗಿರುವ ಕಾರ್ಡಿನಲ್ ಅನ್ನುವ ಹಿರಿಯ ಧರ್ಮಗುರುಗಳದ್ದು. ತಾವಾಗಿಯೇ ಜೀರ್ಣವಾಗಿ ಬೀಳುವ ತನಕ ಯಾರೂ ಮುಟ್ಟುವುದಿಲ್ಲ.

ಗೈಡಿಗೆ ಕೇಳಲೇಬೇಕಾದ ಒಂದು ಪ್ರಶ್ನೆ

ಅನುವಾದಕರ ವಿಷಯ ಕೇಳಿ. 12, 13ನೇ ಶತಮಾನದಲ್ಲಿ ಅರಬ್ಬಿ ಪುಸ್ತಕಗಳನ್ನು ಲ್ಯಾಟಿನ್‌ಗೆ, ಆಮೇಲೆ ಸ್ಪ್ಯಾನಿಷ್‌ಗೆ ತಂದದ್ದು ಈ ಊರಿನಲ್ಲಿ. ಇಟಲಿಯ ಕ್ರೆಮೋನಾದಿಂದ ಗೆರಾರ್ಡ್ ಅನ್ನುವವನು ಒಂದೇ ಒಂದು ಖಗೋಳ ಗ್ರಂಥ ಹುಡುಕಿಕೊಂಡು ಬಂದ. ಅದಕ್ಕಾಗಿ ಅರಬ್ಬಿ ಕಲಿತ. ಇಲ್ಲೇ ಉಳಿದು ಎಪ್ಪತ್ತಕ್ಕೂ ಜಾಸ್ತಿ ಪುಸ್ತಕ ಅನುವಾದಿಸಿ 1187ರಲ್ಲಿ ತೀರಿಕೊಂಡ. ಅದಕ್ಕೂ ಮೊದಲು, 1068ರಲ್ಲಿ, ಟೊಲೆಡೊದ ಖಾಜಿಯಾಗಿದ್ದ ಸಾಯಿದ್ ಅಲ್ ಅಂದಲೂಸಿ ಲೋಕದಲ್ಲಿ ವಿದ್ಯೆ ಬೆಳೆಸಿದ ಎಂಟು ಜನಾಂಗಗಳ ಬಗ್ಗೆ ಬರೆದ. ಅದರಲ್ಲಿ ಮೊದಲ ಹೆಸರು ಭಾರತೀಯರದು. ನಮ್ಮ ಅಂಕಿಗಳ ಬಗ್ಗೆಯೂ ಮೆಚ್ಚಿ ಬರೆದಿದ್ದಾನೆ. ನಮ್ಮ ಗೈಡಿಗೆ ಇದು ಗೊತ್ತಿತ್ತು. ನಾವು ಭಾರತದವರು ಅಂದ ಕೂಡಲೇ ಅವರೇ ಎತ್ತಿದರು, ಆಮೇಲೆ ಹತ್ತು ನಿಮಿಷ ನೆರಳಿನಲ್ಲಿ ಕೂತು ಅದನ್ನೇ ಮಾತಾಡಿದೆವು. ಪಂಚತಂತ್ರದ ಕತೆಗಳು ಪರ್ಷಿಯಾ, ಅರಬ್ಬಿ ದಾಟಿ 1251ರ ಹೊತ್ತಿಗೆ ಸ್ಪ್ಯಾನಿಷ್ ಮಾತಾಡಿದ್ದು ಆಗಿನ್ನೂ ರಾಜಕುಮಾರನಾಗಿದ್ದ ಹತ್ತನೇ ಅಲ್ಫೊನ್ಸೊನ ಆಸಕ್ತಿಯಿಂದ. ಈ ಅಲ್ಫೊನ್ಸೊ ಹುಟ್ಟಿದ್ದೂ ಟೊಲೆಡೊದಲ್ಲೇ. ನಮ್ಮ ದುರ್ಗಸಿಂಹ ಅದೇ ಕತೆಗಳನ್ನು ಕನ್ನಡದಲ್ಲಿ ಬರೆದು ಆಗ ಇನ್ನೂರು ವರ್ಷವಾಗಿತ್ತು. ಎತ್ತು, ಸಿಂಹ, ಎರಡು ನರಿ. ಕತೆ ಎಷ್ಟು ದೂರ ನಡೆದಿದೆ ನೋಡಿ.

ಊಟ

ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿಯದು ಒಂಬತ್ತರ ಮೇಲೆ. ಸಂಜೆ ಏಳಕ್ಕೆ ಹೋದರೆ ಅಡುಗೆ ಮನೆ ಮುಚ್ಚಿರುತ್ತದೆ. ಊರಿನ ವಿಶೇಷ ಎಲ್ಲಾ ಹಂದಿ, ಕೌಜುಗ. ಸಸ್ಯಾಹಾರಿಗಳಿಗೆ ಪಿಸ್ತೊ ಅಂತ ಒಂದು ಪಲ್ಯ ಇದೆ, ಟೊಮೆಟೊ, ದೊಣ್ಣೆಮೆಣಸಿನಕಾಯಿ ಹಾಕಿ ಎಣ್ಣೆಯಲ್ಲಿ ಬಾಡಿಸಿದ್ದು. ಬ್ರೆಡ್ ಜೊತೆ ಚೆನ್ನಾಗಿರುತ್ತದೆ. ಮೇಲೆ ಮೊಟ್ಟೆ ಒಡೆದು ಹಾಕುವ ರೂಢಿ ಇದೆ, ಬೇಡದಿದ್ದರೆ ಮೊದಲೇ ಹೇಳಿ. ಬರೀ "ವೆಜಿಟೇರಿಯನ್" ಅಂದರೆ ಸಾಲದು. "ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಅತೂನ್" ಅಂತ ಹೇಳಿ, ಮಾಂಸ, ಹಂದಿಯ ತೊಡೆ, ಟ್ಯೂನಾ ಮೀನು ಮೂರೂ ಬೇಡ ಅಂತ. ಸಲಾಡ್ ಮೇಲೂ ಟ್ಯೂನಾ ಉದುರಿಸುತ್ತಾರೆ.

ಸಿಹಿಗೆ ಮಸಾಪಾನ್. ಬಾದಾಮಿ, ಸಕ್ಕರೆ ಅರೆದು ಮಾಡಿದ್ದು, ನಮ್ಮ ಬಾದಾಮಿ ಬರ್ಫಿಯ ಹತ್ತಿರದ ನೆಂಟ. ಸನ್ಯಾಸಿನಿಯರ ಮಠಗಳಲ್ಲೂ ಮಾಡಿ ಮಾರುತ್ತಾರೆ. ಕೆಲವಕ್ಕೆ ಮೇಲೆ ಮೊಟ್ಟೆಯ ಹಳದಿ ಬಳಿಯುತ್ತಾರೆ, "ಯೇವಾ ವೇವೊ?" ಅಂತ ಕೇಳಿಕೊಳ್ಳಿ. ಅಮ್ಮ ಮೊಟ್ಟೆ ಇಲ್ಲದ್ದು ಹುಡುಕಿ ಕಾಲು ಕಿಲೋ ಕಟ್ಟಿಸಿಕೊಂಡರು.

ರಾತ್ರಿ

ಉಳಿಯಿರಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಸಂಜೆ ಆರರ ಮೇಲೆ ಮ್ಯಾಡ್ರಿಡ್‌ನಿಂದ ಬಂದ ಪ್ರವಾಸಿ ಬಸ್ಸುಗಳೆಲ್ಲಾ ಹೊರಟುಹೋಗುತ್ತವೆ. ಮುಳುಗುವ ಬಿಸಿಲಿಗೆ ಟ್ಯಾಕ್ಸಿಯಲ್ಲಿ ಮಿರಾದೋರ್ ದೆಲ್ ವಾಯೆಗೆ ಹೋಗಿ. ನದಿಯ ಆಚೆ ದಡದ ಗುಡ್ಡ ಅದು. ಇಡೀ ಊರು ಎದುರಿಗೆ ನಿಲ್ಲುತ್ತದೆ. ಎಡಕ್ಕೆ ಕೆಥೆಡ್ರಲ್ಲಿನ ಗೋಪುರ, ಬಲಕ್ಕೆ ಅಲ್ಕಾಸರ್ ಕೋಟೆ, ಕೆಳಗೆ ತಾಹೊ.

ಊಟ ಆದ ಮೇಲೆ ದಂತಕತೆಗಳ ಸುತ್ತಾಟಕ್ಕೆ ಸೇರಿಕೊಳ್ಳಬಹುದು. ಬೀದಿಯ ಮೇಲೆ ಮನೆಯಿಂದ ಮನೆಗೆ ಹಾಯುವ ಕೊಬೆರ್ತೀಸೊ ಅನ್ನುವ ಮಾಡುಗಳ ಕೆಳಗೆ ನಿಲ್ಲಿಸಿ ಕತೆ ಹೇಳುತ್ತಾರೆ. ಹರ್ಕ್ಯುಲಿಸ್ ಗುಹೆಯ ಕತೆ ಕೇಳಿ. ಬೀಗ ಹಾಕಿದ ಒಂದು ಮನೆ, ಪ್ರತಿ ಹೊಸ ರಾಜನೂ ಇನ್ನೊಂದು ಬೀಗ ಸೇರಿಸುತ್ತಿದ್ದನಂತೆ. ರೊದ್ರಿಗೊ ಅನ್ನುವ ಕೊನೆಯ ವಿಸಿಗೋಥ್ ರಾಜ ಮಾತ್ರ ಎಲ್ಲಾ ಬೀಗ ಒಡೆದು ಒಳಗೆ ಹೋದ, ರಾಜ್ಯ ಕಳೆದುಕೊಂಡ.

ಎರಡನೇ ದಿನ, ಗೈಡ್ ಇಲ್ಲದೆ

ಬೆಳಗ್ಗೆ ಬೇಗ ಸಾಂತೊ ತೊಮೆಗೆ ಹೋಗಿ, ಬಾಗಿಲು ತೆರೆಯುವ ಹೊತ್ತಿಗೆ. ಆಮೇಲೆ ನಿಲ್ಲಲೂ ಜಾಗ ಇರುವುದಿಲ್ಲ. ಅಲ್ಲಿರುವುದು ಒಂದೇ ಚಿತ್ರ, "ಒರ್ಗಾಸ್ ಧಣಿಯ ಶವಸಂಸ್ಕಾರ". 1586ರಿಂದ 1588ರ ನಡುವೆ ಎಲ್ ಗ್ರೆಕೊ ಬರೆದದ್ದು, ಎತ್ತರ 4.8 ಮೀಟರ್. ಬರೆಸಿದ ಜಾಗದಲ್ಲೇ, ಧಣಿಯ ಸಮಾಧಿಯ ಮೇಲೇ ಈಗಲೂ ಇದೆ. ಇದರ ಹಿಂದೆ ಒಂದು ಕೋರ್ಟ್ ಕೇಸು. ಧಣಿ ಸಾಯುವಾಗ, ತನ್ನೂರಿನವರು ಪ್ರತಿ ವರ್ಷ ಈ ಚರ್ಚಿಗೆ ಎರಡು ಕುರಿಮರಿ, ಹದಿನಾರು ಕೋಳಿ, ಎರಡು ತಿತ್ತಿ ವೈನ್, ಎರಡು ಹೊರೆ ಸೌದೆ, 800 ನಾಣ್ಯ ಕೊಡಬೇಕು ಅಂತ ಬರೆದಿಟ್ಟಿದ್ದ. ಇನ್ನೂರು ವರ್ಷದ ಮೇಲೆ ಊರವರು ಕೊಡುವುದು ನಿಲ್ಲಿಸಿದರು. ಪಾದ್ರಿ ದಾವೆ ಹೂಡಿ ಗೆದ್ದ. ಧಣಿಯ ನೆನಪಿಗೆ ಅಂತ ಈ ಚಿತ್ರ ಬರೆಸಿದ. ಎಡಕ್ಕೆ ಕೆಳಗೆ ಪಂಜು ಹಿಡಿದ ಹುಡುಗ ಎಲ್ ಗ್ರೆಕೊನ ಮಗ. ಅವನ ಜೇಬಿನ ಕರ್ಚೀಫಿನ ಮೇಲೆ 1578 ಅಂತಿದೆ, ಅವನು ಹುಟ್ಟಿದ ವರ್ಷ.

ಅಲ್ಲಿಂದ ಯಹೂದಿ ಕೇರಿಗೆ ಇಳಿಯಿರಿ. ನೆಲ ನೋಡಿಕೊಂಡು ನಡೆಯಿರಿ, ಕಲ್ಲಿನ ನಡುವೆ ಅಂಗೈಗಿಂತ ಚಿಕ್ಕ ಹೆಂಚುಬಿಲ್ಲೆಗಳಿವೆ. ಕೆಲವದರಲ್ಲಿ ಏಳು ಕವಲಿನ ದೀಪ, ಕೆಲವದರಲ್ಲಿ ಹೀಬ್ರೂ ಅಕ್ಷರ. ಅವು ಕಾಣುವ ತನಕ ನೀವು ಹಳೆಯ ಕೇರಿಯಲ್ಲಿದ್ದೀರಿ ಅಂತ ಅರ್ಥ. ತ್ರಾನ್ಸಿತೊ ಸಿನಗಾಗನ್ನು 14ನೇ ಶತಮಾನದ ನಡುವೆ ರಾಜನ ಖಜಾಂಚಿ ಸಾಮ್ಯುಯೆಲ್ ಹಾಲೇವಿ ಕಟ್ಟಿಸಿದ. ಗೋಡೆಯ ಗಾರೆಯಲ್ಲಿ ಹೀಬ್ರೂ ಪ್ರಾರ್ಥನೆಗಳಿವೆ, ಬಳ್ಳಿಗಳ ನಡುವೆ ಅರಬ್ಬಿ ಬರಹವೂ ಇದೆ. ಕಟ್ಟಿಸಿದ ಖಜಾಂಚಿಯನ್ನು ಅದೇ ರಾಜ ಸೆರೆಹಿಡಿದು ಹಿಂಸೆ ಕೊಟ್ಟು ಸಾಯಿಸಿದ. ಮೇಲಿನ ಹೆಂಗಸರ ಜಗಲಿಗೆ ಹತ್ತಿ ನೋಡಿ, ಮರದ ಸೂರು ಹತ್ತಿರದಿಂದ ಕಾಣುತ್ತದೆ. ಸಾಂತಾ ಮರಿಯಾ ಲಾ ಬ್ಲಾಂಕಾ ಇದಕ್ಕಿಂತ ಹಳೆಯದು, ಸುಣ್ಣದ ಬಿಳುಪು, ಕುದುರೆ ಲಾಳದಂಥ ಕಮಾನುಗಳ ಸಾಲು. ಅಲ್ಲಿ ಓದಲು ಏನೂ ಇಲ್ಲ. ಸುಮ್ನೆ ಹತ್ತು ನಿಮಿಷ ಕೂರಬೇಕು.

ಸಾನ್ ಹುವಾನ್ ದೆ ಲೋಸ್ ರೇಯೆಸ್‌ನ ಹೊರಗೋಡೆಯಲ್ಲಿ ಕಬ್ಬಿಣದ ಬೇಡಿಗಳನ್ನು ತೂಗುಹಾಕಿದ್ದಾರೆ. ಗ್ರನಾಡಾ ಯುದ್ಧದಲ್ಲಿ ಬಿಡಿಸಿದ ಕ್ರೈಸ್ತ ಸೆರೆಯಾಳುಗಳ ಬೇಡಿ ಅವು. ಒಳಗೆ ಕಿತ್ತಳೆ ಮರ ಇರುವ ಅಂಗಳ, ಕಾಲು ನೋಯುತ್ತಿದ್ದರೆ ಅಲ್ಲಿ ವಿಶ್ರಾಂತಿ.

ಕೊನೆಗೆ ಅಂಗಡಿ

ಕತ್ತಿ ಬೇಕಾದವರು ಕೊಳ್ಳಿ, ಆದರೆ ವಿಮಾನದ ಕೈಚೀಲದಲ್ಲಿ ಬಿಡುವುದಿಲ್ಲ. ನಾನು ಹೇಳುವುದು ದಮಾಸ್ಕಿನಾದೊ ಅನ್ನುವ ಚಿನ್ನದ ಎಳೆಯ ಕೆಲಸ ನೋಡಿ ಅಂತ. ಕೂತು ಕೆಲಸ ಮಾಡುವವರ ಅಂಗಡಿಗೇ ಹೋಗಿ. ಉಕ್ಕಿನ ತಗಡಿನ ಮೇಲೆ ಚೂಪು ಉಳಿಯಿಂದ ಒತ್ತೊತ್ತಾಗಿ ಗೀರುತ್ತಾರೆ. ಕೂದಲಿನಂಥ ಚಿನ್ನದ ಎಳೆಯನ್ನು ಆ ಗೀರಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಆಮೇಲೆ ಉಕ್ಕನ್ನು ಕಪ್ಪು ಮಾಡುತ್ತಾರೆ, ಚಿನ್ನ ಹಾಗೇ ಉಳಿಯುತ್ತದೆ. ಅಮ್ಮ ಎರಡು ನಿಮಿಷ ನೋಡಿ "ಇದು ನಮ್ಮ ಬಿದ್ರಿ ಕೆಲಸ ಅಲ್ವೇನೇ?" ಅಂದರು. ಬೀದರಿನಲ್ಲಿ ಸತುವಿನ ಮಿಶ್ರಲೋಹ, ಬೆಳ್ಳಿ, ಕೋಟೆಯ ಮಣ್ಣಿನಿಂದ ಬರುವ ಕಪ್ಪು. ಇಲ್ಲಿ ಉಕ್ಕು, ಚಿನ್ನ. ಫೋನಿನಲ್ಲಿ ಮನೆಯ ಬಿದ್ರಿ ಡಬ್ಬಿಯ ಫೋಟೊ ತೋರಿಸಿದೆ. ಅಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರು ಕನ್ನಡಕ ಹಣೆಗೆ ಏರಿಸಿ, ಚಿತ್ರ ದೊಡ್ಡದು ಮಾಡಿಸಿಕೊಂಡು, ಬೆಳ್ಳಿ ಎಳೆಯ ಅಂಚನ್ನೇ ತುಂಬಾ ಹೊತ್ತು ನೋಡಿದರು.

ಯಂತ್ರದಲ್ಲಿ ಮಾಡಿದ್ದೂ ಬೇಕಾದಷ್ಟು ಮಾರುತ್ತಾರೆ. ಬೆರಳಾಡಿಸಿ ನೋಡಿ. ಕೈಕೆಲಸದಲ್ಲಿ ಎಳೆ ಸ್ವಲ್ಪ ಉಬ್ಬಿರುತ್ತದೆ, ಎಲೆ ಹೂವಿನ ಮೇಲೆ ಉಳಿಯ ಸಣ್ಣ ಗುರುತು ಇರುತ್ತದೆ, ಎರಡು ಎಲೆ ಒಂದೇ ಥರ ಇರುವುದಿಲ್ಲ. "ಎಚೊ ಅ ಮಾನೊ?" ಅಂದರೆ ಕೈಯಲ್ಲಿ ಮಾಡಿದ್ದಾ ಅಂತ. ಬೆಲೆ ಜಾಸ್ತಿ, ಆದರೆ ಚಿಕ್ಕದಾದರೂ ಅದನ್ನೇ ತೆಗೆದುಕೊಳ್ಳಿ. ಅಮ್ಮ ಸೀರೆಗೆ ಹಾಕುವ ಪಿನ್ ಒಂದನ್ನು ಕೊಂಡರು, ಹೆಬ್ಬೆರಳಿನ ಉಗುರಿನಷ್ಟು, ಮೇಲೆ ಒಂದು ಹಕ್ಕಿ. ಈಗ ಅದು ಮನೆಯಲ್ಲಿ ಆ ಬಿದ್ರಿ ಡಬ್ಬಿಯೊಳಗೇ ಇದೆ.